ಅಪ್ಪನ ಮುಯ್ಯಿ ಪುಸ್ತಕ ಸಿಕ್ಕಿದೆ. ಲೆಕ್ಕ ಮುಂದುವರಿಸಬೇಕಾ, ಮುಚ್ಚಬೇಕಾ?

ಕೆರೆಕೋಡಿ
ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಮೊನ್ನೆ ಊರಿಗೆ ಹೋದಾಗ ಅಟ್ಟ ಖಾಲಿ ಮಾಡಿದೆವು. ಟ್ರಂಕಿನ ತಳದಲ್ಲಿ ಅವರ ಮುಯ್ಯಿ ಪುಸ್ತಕ ಸಿಕ್ಕಿತು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ಮೊದಲ ಪುಟದಲ್ಲಿ ಅವರದೇ ಮದುವೆ, 1979. ಆಮೇಲೆ ಅತ್ತೆಯರ ಮದುವೆ, ನನ್ನ ನಾಮಕರಣ, ಗೃಹಪ್ರವೇಶ, ತಂಗಿಯ ಮದುವೆ. ಎಡಗಡೆ ಬಂದದ್ದು, ಬಲಗಡೆ ತೀರಿಸಿದ್ದು. "2 ಸೇರು ಅಕ್ಕಿ, 1 ತೆಂಗಿನಕಾಯಿ, 5 ರೂ." ಹೀಗೆ ಪುಟಗಟ್ಟಲೆ ಇದೆ. ತೀರಿಸಿದ್ದಕ್ಕೆ ಪಕ್ಕದಲ್ಲಿ ಒಂದು ಗೆರೆ. ನಲವತ್ತಕ್ಕೂ ಜಾಸ್ತಿ ಹೆಸರುಗಳ ಮುಂದೆ ಗೆರೆ ಇಲ್ಲ. ಅಂದರೆ ಅವರ ಮನೆಯ ಬಾಕಿ ನಮ್ಮ ಮೇಲಿದೆ.

ತಮ್ಮ ಹೇಳುತ್ತಾನೆ, "ಎಲ್ಲರಿಗೂ ಫೋನಿನಲ್ಲಿ ದುಡ್ಡು ಕಳಿಸಿ ಮುಗಿಸಿಬಿಡೋಣ ಅಣ್ಣಾ, ನಾವು ಊರಿನಲ್ಲಿ ಇರುವವರಲ್ಲ." ಅವನ ಮಾತು ತಪ್ಪು ಅಂತ ಹೇಳಲಾರೆ. ಆದರೂ ನನಗೆ ಮನಸ್ಸು ಬರುತ್ತಿಲ್ಲ. ಪಿಯುಸಿಯಲ್ಲಿ ಸಮಾಜಶಾಸ್ತ್ರ ಓದುವಾಗ "ಸಮಾಜವನ್ನು ಹಿಡಿದಿಡುವುದು ಯಾವುದು" ಅಂತ ಐದು ಅಂಕದ ಉತ್ತರ ಬರೆದಿದ್ದೆ. ಬಾಯಿಪಾಠ ಮಾಡಿದ್ದು ಎಲ್ಲ ಮರೆತಿದೆ. ಈ ಪುಸ್ತಕ ಕೈಯಲ್ಲಿ ಹಿಡಿದಾಗ ಆ ಪ್ರಶ್ನೆ ಮತ್ತೆ ಬಂತು. ನಮ್ಮ ಊರನ್ನು ಹಿಡಿದಿಟ್ಟದ್ದು ಇದೇನಾ? ಓದಿಕೊಂಡವರು ಹೇಳಿ.

ರಾಗಿಹೊಲ
ಮುಚ್ಚಬೇಡಿ. ಅಷ್ಟೇ ಹೇಳುವುದು.

ಹೊಸೂರುರಸ್ತೆ
ನಾನು ನಿಮ್ಮ ತಮ್ಮನ ಪಕ್ಷ. ದೂರದಿಂದ ನೋಡಿದರೆ ಮುಯ್ಯಿ ಚಂದ. ಕೊಡುವವನ ಮನೆಯಲ್ಲಿ ಕೂತು ನೋಡಿ. ಅಕ್ಕನ ಮದುವೆಗೆ ಬಂದದ್ದನ್ನು ತೀರಿಸಲು ನಮ್ಮಪ್ಪ ಹತ್ತು ವರ್ಷ ಒದ್ದಾಡಿದರು. ಒಂದು ವರ್ಷ ವೈಶಾಖದಲ್ಲೇ ಹದಿನೇಳು ಲಗ್ನಪತ್ರಿಕೆ ಬಂದವು. ಅಮ್ಮನ ಬಳೆ ಅಡವಿಗೆ ಹೋಯಿತು. ಇದನ್ನು ಪ್ರೀತಿ ಅನ್ನೋಣವಾ? ಇದು ಬಡ್ಡಿ ಇಲ್ಲದ ಸಾಲ, ಅಷ್ಟೇ. ಈಗ ಸಂಬಳ ಇದೆ, ಬ್ಯಾಂಕ್ ಇದೆ, ಕಾನೂನು ಇದೆ. ಸಮಾಜ ನಡೆಯಲು ಇವು ಸಾಕು.

ನಿವೃತ್ತಮೇಷ್ಟ್ರು
ಕೆರೆಕೋಡಿಯವರೇ, ನಿಮ್ಮ ಪ್ರಶ್ನೆಗೆ ಒಬ್ಬರು ನೇರವಾಗಿ ಉತ್ತರ ಕೊಟ್ಟಿದ್ದಾರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್. ಪಿಯುಸಿಯಲ್ಲಿ ಓದಿದ ಎಮಿಲ್ ಡರ್ಕೈಮ್ ನೆನಪಿರಬೇಕಲ್ಲ, ಅವರ ಅಕ್ಕನ ಮಗ ಇವರು. 1925ರಲ್ಲಿ ಉಡುಗೊರೆಯ ಬಗ್ಗೆ ಒಂದು ದೊಡ್ಡ ಪ್ರಬಂಧ ಬರೆದರು. ಪೆಸಿಫಿಕ್ ಸಾಗರದ ಪಾಲಿನೇಷ್ಯಾ, ಮೆಲನೇಷ್ಯಾ ದ್ವೀಪಗಳು, ಅಮೆರಿಕದ ವಾಯವ್ಯ ಕರಾವಳಿ, ಹಳೆಯ ರೋಮ್, ನಮ್ಮ ಮಹಾಭಾರತದ ಅನುಶಾಸನ ಪರ್ವ, ಎಲ್ಲ ಕಡೆಯ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವರಿಗೆ ಕಂಡದ್ದು ಮೂರು ಕಟ್ಟುಪಾಡು. ಕೊಡಲೇಬೇಕು. ಕೊಟ್ಟರೆ ತೆಗೆದುಕೊಳ್ಳಲೇಬೇಕು. ತೆಗೆದುಕೊಂಡರೆ ಮರಳಿಸಲೇಬೇಕು. ಮೇಲ್ನೋಟಕ್ಕೆ ಸ್ವಂತ ಇಷ್ಟ, ಒಳಗೆ ಕಡ್ಡಾಯ.

ಅದಕ್ಕೆ ಮೂರು ವರ್ಷ ಮುಂಚೆ, 1922ರಲ್ಲಿ, ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಪಪುವಾ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳ ಜನರ ಬಗ್ಗೆ ಬರೆದಿದ್ದರು. ಆ ಜನ ದೋಣಿಯಲ್ಲಿ ಪ್ರಾಣ ಪಣಕ್ಕಿಟ್ಟು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಿದ್ದರು. ಯಾತಕ್ಕೆ? ಕೆಂಪು ಚಿಪ್ಪಿನ ಸರ ಒಂದು ದಿಕ್ಕಿಗೆ, ಬಿಳಿ ಚಿಪ್ಪಿನ ತೋಳ್ಬಳೆ ಅದರ ಎದುರು ದಿಕ್ಕಿಗೆ ಸಾಗಿಸಲು. ಯಾರೂ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಸ್ವಲ್ಪ ದಿನ ಇಟ್ಟುಕೊಂಡು ಮುಂದಿನವರಿಗೆ ಕೊಡಬೇಕು. ವಸ್ತು ಸುತ್ತುತ್ತಾ ಇದ್ದರೆ ದ್ವೀಪಗಳ ನಡುವೆ ನಂಟು ಇರುತ್ತದೆ. ನಿಮ್ಮ ತಂದೆಯ ಪುಸ್ತಕವೂ ಅಂಥದ್ದೇ ಒಂದು ಸುತ್ತಿನ ದಾಖಲೆ.

ಹುಬ್ಬಳ್ಳಿಯಿಂದ
ನಮ್ಮ ಕಡೆ ಇದಕ್ಕೆ ಆಯೇರಿ ಅಂತ ಹೆಸರು. ಮದುವೆಯಲ್ಲಿ ಮೈಕ್ ಹಿಡಿದು ಹೆಸರು, ಊರು, ಮೊತ್ತ ಕೂಗುವವರು ಇರುತ್ತಿದ್ದರು. ಕೂಗಿದ ಮೇಲೆ ಮರೆಯುವುದಕ್ಕೆ ಸಾಧ್ಯವೇ ಇಲ್ಲ, ಇಡೀ ಊರೇ ಸಾಕ್ಷಿ.

ರಾಗಿಹೊಲ
ನಮ್ಮಲ್ಲೂ "ಮುಯ್ಯಿ ಓದಿಸುವುದು" ಅನ್ನುತ್ತಾರಲ್ಲ. ಕೊಡುವುದಕ್ಕೆ ಓದಿಸುವುದು ಅಂತ ಯಾಕೆ ಹೆಸರು ಬಂತು ಅಂತ ಈಗ ಹೊಳೆಯಿತು.

ನಾಟಿಗದ್ದೆ
ಮಲೆನಾಡಿನವಳು ನಾನು. ನಮ್ಮಲ್ಲಿ ದುಡ್ಡಿನ ಮುಯ್ಯಿಗಿಂತ ಮುಯ್ಯಾಳು ಮುಖ್ಯ. ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮ ಮನೆಯಿಂದ ಇಬ್ಬರು, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು. ಮಳೆ ಯಾರಿಗೂ ಕಾಯುವುದಿಲ್ಲ. ಒಂದೇ ಮನೆಯವರು ಅಷ್ಟು ಗದ್ದೆ ಅಷ್ಟು ದಿನದಲ್ಲಿ ನೆಟ್ಟು ಮುಗಿಸಲು ಆಗುವುದೇ ಇಲ್ಲ. ಈಗ ನಾಟಿ ಯಂತ್ರ ಬಂದಿದೆ, ಕೂಲಿಯ ಗುಂಪುಗಳು ಬಂದಿವೆ. ನಮ್ಮ ಬಯಲಿನಲ್ಲಿ ಮುಯ್ಯಾಳು ನಿಂತು ಹೋಗಿದೆ. ಅದರ ಜೊತೆ ನಾಟಿಯ ದಿನದ ಮಾತು, ಹಾಡು, ಜಗಳ ಬಿಡಿಸುವುದು ಎಲ್ಲ ಹೋದವು.

ಇನ್ನೊಂದು ಹೇಳಬೇಕು. ಕನ್ನಡದಲ್ಲಿ ಮುಯ್ಯಿ ಅಂದರೆ ಉಡುಗೊರೆ ಮಾತ್ರ ಅಲ್ಲ. "ಮುಯ್ಯಿಗೆ ಮುಯ್ಯಿ" ಅಂದರೆ ಸೇಡು. ಒಂದೇ ಪದ! ಕೊಟ್ಟ ಒಳ್ಳೆಯದಕ್ಕೂ ಮರಳಿಸಬೇಕು, ಕೊಟ್ಟ ಏಟಿಗೂ ಮರಳಿಸಬೇಕು. ನಮ್ಮ ಹಿರಿಯರಿಗೆ ಇದರ ಎರಡೂ ಮುಖ ಗೊತ್ತಿತ್ತು.

ನಿವೃತ್ತಮೇಷ್ಟ್ರು
ಆಹಾ, ಒಳ್ಳೆಯ ಮಾತು ತಾಯಿ. ಮಾಸ್ ಕೂಡ ಇಂಥದ್ದೇ ಒಂದು ಪದ ಹಿಡಿದಿದ್ದರು. ಇಂಗ್ಲಿಷಿನಲ್ಲಿ ಗಿಫ್ಟ್ ಅಂದರೆ ಉಡುಗೊರೆ, ಜರ್ಮನ್ ಭಾಷೆಯಲ್ಲಿ ಅದೇ ಪದಕ್ಕೆ ವಿಷ ಅನ್ನುವ ಅರ್ಥ. ಆದರೆ ನಮ್ಮ ಮುಯ್ಯಿ ಅದಕ್ಕಿಂತ ಗಟ್ಟಿ ಉದಾಹರಣೆ. ಇಲ್ಲಿ ಎರಡು ಅರ್ಥವೂ ಒಂದೇ ನುಡಿಯಲ್ಲಿ ಇವತ್ತಿಗೂ ಬದುಕಿವೆ.

ಹೊಸೂರುರಸ್ತೆ
ಪದದ ಚಂದ ಒಪ್ಪಿದೆ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಅಪಾರ್ಟ್‌ಮೆಂಟಿನಲ್ಲಿ 300 ಮನೆ. ಯಾರಿಗೂ ಯಾರ ಮುಯ್ಯಿಯೂ ಇಲ್ಲ. ಲಿಫ್ಟ್ ನಡೆಯುತ್ತದೆ, ನೀರು ಬರುತ್ತದೆ, ಬೆಳಗ್ಗೆ ಬಾಗಿಲಿಗೆ ಹಾಲು ಬರುತ್ತದೆ. ಒಪ್ಪಂದ ಮತ್ತು ದುಡ್ಡು ಸಾಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಿವೃತ್ತಮೇಷ್ಟ್ರು
ಉತ್ತರ ಡರ್ಕೈಮ್ ಅವರದೇ ಇದೆ. 1893ರಲ್ಲಿ ಶ್ರಮ ವಿಭಜನೆಯ ಬಗ್ಗೆ ಬರೆದ ಪುಸ್ತಕದಲ್ಲಿ ಎರಡು ಬಗೆಯ ಒಗ್ಗಟ್ಟು ಹೇಳಿದರು. ಎಲ್ಲರೂ ಒಂದೇ ಥರ ಇರುವುದರಿಂದ ಬರುವುದು ಯಾಂತ್ರಿಕ ಒಗ್ಗಟ್ಟು. ಎಲ್ಲರೂ ಬೇರೆ ಬೇರೆ ಕೆಲಸ ಮಾಡಿ ಒಬ್ಬರಿಗೊಬ್ಬರು ಬೇಕಾಗುವುದರಿಂದ ಬರುವುದು ಸಾವಯವ ಒಗ್ಗಟ್ಟು. ನಿಮ್ಮ ಅಪಾರ್ಟ್‌ಮೆಂಟ್ ಎರಡನೆಯದು. ಹೀಗಾಗಿ ಅದು ನಡೆಯುತ್ತದೆ ಅನ್ನುವುದನ್ನು ಅವರೂ ಒಪ್ಪುತ್ತಿದ್ದರು.

ಆದರೆ ಅವರು ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ ಜೊತೆ ಜಗಳ ಆಡಿದ್ದು ನೀವು ಹೇಳಿದ ಮಾತಿಗೇ. ಒಪ್ಪಂದ ತಾನೇ ತಾನಾಗಿ ನಿಲ್ಲುವುದಿಲ್ಲ. ಅದನ್ನು ಪಾಲಿಸಬೇಕು ಅನ್ನುವ ನಂಬಿಕೆ ಒಪ್ಪಂದದ ಹಾಳೆಯಲ್ಲಿ ಇರುವುದಿಲ್ಲ, ಅದು ಮೊದಲೇ ಸಮಾಜದಲ್ಲಿ ಇರಬೇಕು. ಬರೀ ಸ್ವಾರ್ಥವೇ ಕಟ್ಟು ಆದರೆ ಇವತ್ತು ನನಗೆ ನೀನು ಬೇಕು, ನಾಳೆ ನೀನೇ ಶತ್ರು. ಯೋಚಿಸಿ ನೋಡಿ. ಬೆಳಗಿನ ಜಾವ ಐದಕ್ಕೆ ಬಾಗಿಲ ಹೊರಗೆ ಇಟ್ಟ ಹಾಲಿನ ಪ್ಯಾಕೆಟ್ಟನ್ನು ಎದುರುಮನೆಯವರು ಎತ್ತಿಕೊಳ್ಳುವುದಿಲ್ಲ ಅಲ್ವಾ? ಅದಕ್ಕೆ ಯಾವ ಪೊಲೀಸ್ ಕಾವಲಿದ್ದಾನೆ?

ಹೊಸೂರುರಸ್ತೆ
ಸಿಸಿಟಿವಿ ಇದೆ ಸರ್. ಆದರೂ ನೀವು ಹೇಳಿದ್ದು ಯೋಚಿಸಬೇಕಾದದ್ದೇ.

ಒಂದುರೂಪಾಯಿ
ಯಾರೂ ಅಸಲು ವಿಷಯಕ್ಕೆ ಬರಲಿಲ್ಲ. 100 ಕೊಡುವುದಿಲ್ಲ, 101 ಕೊಡುತ್ತೇವೆ. 500 ಅಲ್ಲ, 501. ನಮ್ಮ ಅಜ್ಜಿ ಹೇಳುತ್ತಿದ್ದರು, ಸೊನ್ನೆಯಲ್ಲಿ ನಿಲ್ಲಿಸಿದರೆ ನಂಟು ನಿಂತ ಹಾಗೆ ಅಂತ. ಆ ಒಂದು ರೂಪಾಯಿ ಮುಂದಿನ ಸಲದ ಬೀಜ. ಹಾಗೇ ಪಕ್ಕದ ಮನೆಯಿಂದ ಹುಳಿ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ ಹಾಕುತ್ತೇವೆ. ಆ ಸಕ್ಕರೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೆ ಲೆಕ್ಕ ಸರಿಹೋಯಿತು ಅಂತ ಯಾರೂ ಹೇಳುವ ಹಾಗಿಲ್ಲ. ಈಗ ಬಾಕಿ ಅವರದು!

ಡೇವಿಡ್ ಗ್ರೇಬರ್ ಅನ್ನುವ ಮಾನವಶಾಸ್ತ್ರಜ್ಞ 2011ರಲ್ಲಿ ಸಾಲದ ಚರಿತ್ರೆ ಬರೆದಾಗ ಇದನ್ನೇ ವಾದಿಸಿದರು. ನೆರೆಹೊರೆಯಲ್ಲಿ ಬಾಕಿಯನ್ನು ಪೂರ್ತಿ ಚುಕ್ತಾ ಮಾಡುವುದು ಅಂದರೆ "ಇನ್ನು ನಿನ್ನ ಸಹವಾಸ ಬೇಡ" ಅಂದ ಹಾಗೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಬೂರ್ದ್ಯು ಇನ್ನೊಂದು ಹೇಳಿದ್ದರು. ಕೊಡುವುದಕ್ಕೂ ಮರಳಿಸುವುದಕ್ಕೂ ನಡುವೆ ಕಾಲ ಹೋಗಬೇಕು. ಕೊಟ್ಟ ಕೂಡಲೇ ಅಷ್ಟೇ ಮರಳಿಸಿದರೆ ಅದು ಅವಮಾನ. ಕೆರೆಕೋಡಿಯವರೇ, ನಿಮ್ಮ ತಮ್ಮ ಒಂದೇ ದಿನ ನಲವತ್ತು ಮನೆಗೆ ದುಡ್ಡು ಕಳಿಸಿದರೆ ಆ ಮನೆಯವರು ಏನು ಅಂದುಕೊಳ್ಳುತ್ತಾರೆ ಗೊತ್ತಾ? "ಯಜಮಾನರು ಹೋದರು, ಮಕ್ಕಳು ಕೈ ತೊಳೆದುಕೊಂಡರು" ಅಂತ.

ಕೆರೆಕೋಡಿ
ಇದೇ ನನಗೆ ಮಾತಿನಲ್ಲಿ ಹೇಳಲು ಬಾರದೆ ಇದ್ದದ್ದು. ತಮ್ಮನಿಗೆ ಓದಿ ಹೇಳುತ್ತೇನೆ.

ಕೇರಿಯವನು
ಎಲ್ಲರೂ ಬಹಳ ಮೆಚ್ಚಿ ಮಾತಾಡುತ್ತಿದ್ದೀರಿ, ನನಗೂ ಒಂದು ಹೇಳಲು ಅವಕಾಶ ಕೊಡಿ.

ನಮ್ಮ ತಾತನ ಹೆಸರು ಊರಿನ ಯಾರ ಮುಯ್ಯಿ ಪುಸ್ತಕದಲ್ಲೂ ಇರಲಿಲ್ಲ. ಊರಿನ ಪ್ರತಿ ಮದುವೆಗೆ ತಮಟೆ ಬಾರಿಸಿದ್ದು ಅವರು. ಸಾವಿನ ಸುದ್ದಿ ಹತ್ತಾರು ಮೈಲಿ ನಡೆದು ನೆಂಟರಿಗೆ ತಲುಪಿಸಿದ್ದು ಅವರು. ಸೌದೆ ಒಡೆದದ್ದು, ಚಪ್ಪರಕ್ಕೆ ಗುಂಡಿ ತೋಡಿದ್ದು ಅವರು. ಅದಕ್ಕೆ ಕಣದಲ್ಲಿ ಒಂದಿಷ್ಟು ರಾಗಿ ಸಿಗುತ್ತಿತ್ತು, ಅದರ ಹೆಸರು ಆಯ. ಊಟ ಎಲ್ಲರದೂ ಮುಗಿದ ಮೇಲೆ, ಹಿತ್ತಲಲ್ಲಿ. ನಮ್ಮ ಅತ್ತೆಯ ಮದುವೆಗೆ ಊರಿನ ಒಬ್ಬರೂ ಕೇರಿಗೆ ಬಂದು ಮುಯ್ಯಿ ಓದಿಸಲಿಲ್ಲ. ದೊಡ್ಡ ಮನೆಯವರು ಒಂದು ಸೀರೆ ಆಳಿನ ಕೈಯಲ್ಲಿ ಕಳಿಸಿದ್ದರು. ಅದು ಮುಯ್ಯಿ ಅಲ್ಲ, ಅದು ಕೊಡುಗೆ. ಅದನ್ನು ಮರಳಿಸುವ ಹಕ್ಕು ನಮಗೆ ಇರಲಿಲ್ಲ.

ಯಾರು ಯಾರಿಂದ ತೆಗೆದುಕೊಳ್ಳುತ್ತಾರೆ, ಯಾರು ಯಾರಿಂದ ತೆಗೆದುಕೊಳ್ಳುವುದಿಲ್ಲ ಅನ್ನುವುದೂ ಆ ಪುಸ್ತಕದಲ್ಲಿ ಇದೆ. ಇರುವ ಹೆಸರು ಓದಿದ ಹಾಗೆ ಇಲ್ಲದ ಹೆಸರನ್ನೂ ಓದಿ.

ಊರೊಟ್ಟು
ಅಣ್ಣ, ನಿಮ್ಮ ನೋವು ಗೊತ್ತಾಗುತ್ತದೆ. ಆದರೆ ಹಳೆಯ ಕಾಲದಲ್ಲಿ ಎಲ್ಲ ಜಾತಿಯವರೂ ಒಬ್ಬರಿಗೊಬ್ಬರು ಬೇಕಾಗಿದ್ದರು. ಹನ್ನೆರಡು ಆಯಗಾರರು ಇಲ್ಲದೆ ಊರೇ ಇಲ್ಲ. ಕುಂಬಾರ, ಬಡಗಿ, ಕಮ್ಮಾರ, ಅಗಸ, ನೀರಗಂಟಿ, ತಳವಾರ, ಎಲ್ಲರಿಗೂ ಪಾಲು ಇತ್ತು. ಮೇಷ್ಟ್ರು ಹೇಳಿದ ಸಾವಯವ ಒಗ್ಗಟ್ಟು ಅದೇ ಅಲ್ವಾ?

ಕೇರಿಯವನು
ಅಲ್ಲ. ಇದಕ್ಕೆ ಅಂಬೇಡ್ಕರ್ 1936ರಲ್ಲೇ ಉತ್ತರ ಕೊಟ್ಟಿದ್ದಾರೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಭೆಗೆ ಬರೆದ ಭಾಷಣ ಅದು. ಸಂಘಟಕರು ಅದನ್ನು ಓದಿ ಹೆದರಿ ಸಭೆಯನ್ನೇ ಕೈಬಿಟ್ಟರು. ಅಂಬೇಡ್ಕರ್ ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಜಾತಿ ಅನ್ನುವುದು ಕೆಲಸವನ್ನು ಹಂಚುವುದು ಮಾತ್ರ ಅಲ್ಲ, ಕೆಲಸ ಮಾಡುವವರನ್ನೇ ಹಂಚಿ ಒಬ್ಬರ ಮೇಲೆ ಒಬ್ಬರನ್ನು ಪೇರಿಸುವುದು ಅಂದರು. ಬೇಕಾಗಿದ್ದರು ಅಂತೀರಿ. ಎತ್ತು ಕೂಡ ಬೇಕಾಗಿತ್ತು. ಪಂಕ್ತಿಯಲ್ಲಿ ಕೂರಿಸಿದಿರಾ?

ನಿವೃತ್ತಮೇಷ್ಟ್ರು
ಊರೊಟ್ಟು ಅವರೇ, ನಾನು ಹೇಳಿದ್ದನ್ನು ಇಲ್ಲಿಗೆ ಎಳೆಯಬೇಡಿ. ಡರ್ಕೈಮ್ ಅದೇ ಪುಸ್ತಕದಲ್ಲಿ ಬಲವಂತದ ಶ್ರಮ ವಿಭಜನೆ ಅಂತ ಬೇರೆ ಅಧ್ಯಾಯ ಬರೆದಿದ್ದಾರೆ. ಹುಟ್ಟಿನಿಂದ ಹೇರಿದ ಕೆಲಸದಿಂದ ಒಗ್ಗಟ್ಟು ಬರುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದಾರೆ, ಜಾತಿಯ ಹೆಸರು ಎತ್ತಿಯೇ.

ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ನಮ್ಮ ಹಳೇ ಮೈಸೂರಿನ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಆ ಊರಿಗೆ ರಾಂಪುರ ಅಂತ ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಅದರಲ್ಲಿ ಕೊಡು ಕೊಳ್ಳುವುದನ್ನೂ ಮೇಲು ಕೀಳನ್ನೂ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕ ಇಟ್ಟಿದ್ದಾರೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಲು ಆಗುವುದಿಲ್ಲ ಅಂತ ನನಗೆ ಅನಿಸಿದ್ದು ಅದನ್ನು ಓದಿದಾಗ.

ಊರೊಟ್ಟು
ಎತ್ತಿನ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಹಿಂದೆ ತೆಗೆದುಕೊಳ್ಳುತ್ತೇನೆ.

ನಾಟಿಗದ್ದೆ
ಇಲ್ಲದ ಹೆಸರುಗಳ ಮಾತು ಬಂತಲ್ಲ, ನಾನೂ ಕೇಳುತ್ತೇನೆ. ಆ ಪುಸ್ತಕದಲ್ಲಿ ಹೆಂಗಸರ ಹೆಸರು ಎಷ್ಟಿವೆ? ಎಲ್ಲ ಗಂಡಸರ ಹೆಸರೇ ಇರುತ್ತದೆ. ಆದರೆ ಯಾರ ಮನೆಗೆ ಏನು ಬಾಕಿ ಅಂತ ನೆನಪಿಟ್ಟವರು ಅಮ್ಮಂದಿರು. ಗೌರಿ ಹಬ್ಬದ ಬಾಗಿನ, ಮಡಿಲಕ್ಕಿ, ಬಾಣಂತಿ ನೋಡಲು ಹೋಗುವಾಗಿನ ಕೊಬ್ಬರಿ ಸಕ್ಕರೆ, ಇವು ಯಾವ ಪುಸ್ತಕದಲ್ಲೂ ಬರೆದಿಲ್ಲ. ಎಲ್ಲ ಅವರ ತಲೆಯಲ್ಲಿ. ಇದನ್ನು ನಂಟಿನ ಕೆಲಸ ಅಂತ ಅಮೆರಿಕದ ಮಾನವಶಾಸ್ತ್ರಜ್ಞೆ ಮಿಕೇಲಾ ಡಿ ಲಿಯೊನಾರ್ಡೊ 1987ರಲ್ಲಿ ಹೆಸರಿಟ್ಟು ಬರೆದರು. ಕೂಲಿ ಇಲ್ಲದ ಕೆಲಸ. ನಿಂತಾಗ ಮಾತ್ರ ಕಾಣುತ್ತದೆ.

ಮತ್ತೆ ಈ ನಂಟು ಯಾರನ್ನು ಹೊರಗಿಡುತ್ತದೆ ಅಂತಲೂ ಕಣ್ಣಾರೆ ಕಂಡಿದ್ದೇನೆ. ಅಪ್ಪ ತೀರಿಕೊಂಡ ವರ್ಷ ಗೌರಿ ಹಬ್ಬಕ್ಕೆ ಅಮ್ಮನನ್ನು ಅರಿಶಿನ ಕುಂಕುಮಕ್ಕೆ ಒಬ್ಬರೂ ಕರೆಯಲಿಲ್ಲ. ಮೂವತ್ತು ವರ್ಷ ಆ ಎಲ್ಲ ಮನೆಗಳಿಗೆ ಬಾಗಿನ ಕೊಟ್ಟ ಕೈ ಅದು. ಅಮ್ಮ ಆ ದಿನ ಏನೂ ಮಾತಾಡಲಿಲ್ಲ. ಮರುವರ್ಷ ನಾನೇ ಕೇರಿಯ, ಬೀದಿಯ ಎಲ್ಲ ಹೆಂಗಸರನ್ನೂ ಕರೆದೆ, ಗಂಡ ಇದ್ದವರು ಇಲ್ಲದವರು ಅನ್ನದೆ. ಅರ್ಧ ಜನ ಬಂದರು.

ರಾಗಿಹೊಲ
ಅರ್ಧ ಜನ ಬಂದದ್ದು ಸಣ್ಣ ಮಾತಲ್ಲ ಅಕ್ಕಾ.

ಹುಬ್ಬಳ್ಳಿಯಿಂದ
ಸ್ವಲ್ಪ ವಿಷಯ ಬಿಟ್ಟು ಹೋಗುತ್ತೇನೆ. ಗದಗ ಹತ್ತಿರ ಕಣಗಿನಹಾಳ ಅನ್ನುವ ಊರಿದೆ. 1905ರಲ್ಲಿ ಅಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಅನ್ನುತ್ತಾರೆ. ನಮ್ಮಪ್ಪ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದ್ದರು. ಹೇಳುವುದೇನೆಂದರೆ, ಮುಯ್ಯಿ ನೆಂಟರ ಒಳಗೇ ಸುತ್ತುತ್ತದೆ. ಸಂಘದಲ್ಲಿ ಜಾತಿ ಬಿಟ್ಟು ಸದಸ್ಯತ್ವ. ಇವತ್ತಿನ ಸ್ತ್ರೀಶಕ್ತಿ ಸಂಘಗಳೂ ಹಾಗೆ. ವಾರವಾರ ಕೂತು ಉಳಿತಾಯ ಎಣಿಸುವಾಗ ಬೇರೆ ಬೇರೆ ಓಣಿಯ ಹೆಂಗಸರು ಒಂದೇ ಜಮಖಾನೆಯ ಮೇಲೆ ಕೂರುತ್ತಾರೆ.

ಒಂದುರೂಪಾಯಿ
ಇದು ವಿಷಯ ಬಿಟ್ಟದ್ದಲ್ಲ ಸಾಹೇಬರೇ, ವಿಷಯಕ್ಕೆ ಬಂದದ್ದು. ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ 2002ರ ಪುಸ್ತಕದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಅಲಿಗಢಕ್ಕೆ ಕ್ಯಾಲಿಕಟ್, ಹೈದರಾಬಾದಿಗೆ ಲಕ್ನೋ, ಅಹಮದಾಬಾದಿಗೆ ಸೂರತ್, ಹೀಗೆ ಜೋಡಿ ಮಾಡಿ ನೋಡಿದರು. ಒಂದು ಕಡೆ ಹಿಂದೂ ಮುಸ್ಲಿಂ ಗಲಭೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಯಾಕೆ? ಹಬ್ಬಕ್ಕೆ ಸಿಹಿ ಹಂಚಿಕೊಳ್ಳುವ ದಿನನಿತ್ಯದ ಒಡನಾಟ ಒಳ್ಳೆಯದೇ. ಆದರೆ ದೊಡ್ಡ ನಗರದಲ್ಲಿ ಗಾಳಿಸುದ್ದಿ ಎದ್ದಾಗ ತಡೆಯುವುದು ಎರಡೂ ಕಡೆಯವರು ಸೇರಿರುವ ಸಂಘಗಳು. ವ್ಯಾಪಾರಿಗಳ ಸಂಘ, ಕಾರ್ಮಿಕ ಸಂಘ, ಓದುಗರ ಕೂಟ, ಇಂಥವು. ಒಂದೇ ಜಾತಿಯ ಸಂಘ ಎಷ್ಟೇ ಗಟ್ಟಿ ಇರಲಿ, ಈ ಕೆಲಸಕ್ಕೆ ಬರುವುದಿಲ್ಲ.

ಡಬ್ಲಿನ್‌ಮನೆ
ಐರ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ನಮಗೆ ಮುಯ್ಯಿ ತೀರಿಸಲು ನೆಂಟರಿಲ್ಲ. ಮಗು ಹುಟ್ಟಿದಾಗ ಮೂರು ವಾರ ಊಟ ತಂದುಕೊಟ್ಟದ್ದು ಕನ್ನಡ ಬಳಗದಲ್ಲಿ ಒಂದೆರಡು ಸಲ ನೋಡಿದವರು. ಅವರಿಗೆ ಹೇಗೆ ಮರಳಿಸುವುದು ಅಂತ ಕೇಳಿದೆ. "ಮುಂದೆ ಬರುವವರಿಗೆ ಮಾಡಿ" ಅಂದರು. ಬ್ರಿಟನ್ನಿನ ಸಮಾಜ ವಿಜ್ಞಾನಿ ರಿಚರ್ಡ್ ಟಿಟ್ಮಸ್ 1970ರಲ್ಲಿ ರಕ್ತದಾನದ ಬಗ್ಗೆ ಬರೆದದ್ದು ಇದೇ. ಯಾರಿಗೆ ಹೋಗುತ್ತದೆ ಅಂತ ಗೊತ್ತಿಲ್ಲದೆ ಕೊಡುವುದು. ದುಡ್ಡು ಕೊಟ್ಟು ರಕ್ತ ಕೊಳ್ಳುತ್ತಿದ್ದ ಅಮೆರಿಕದಲ್ಲಿ ಹೆಪಟೈಟಿಸ್ ಅಪಾಯ ಜಾಸ್ತಿ, ಸುಮ್ನೆ ಕೊಡುತ್ತಿದ್ದ ಬ್ರಿಟನ್ನಿನಲ್ಲಿ ಕಡಿಮೆ ಅಂತ ತೋರಿಸಿದರು. ಪುಸ್ತಕ ಇಲ್ಲದ ಮುಯ್ಯಿಯೂ ಇದೆ.

ಹೊಸೂರುರಸ್ತೆ
ಹೋದ ವರ್ಷ ಅಪ್ಪನ ಆಪರೇಷನ್‌ಗೆ ನಾಲ್ಕು ಬಾಟಲಿ ರಕ್ತ ಬೇಕಿತ್ತು. ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಹಾಕಿದೆ. ಒಂದು ಗಂಟೆಯಲ್ಲಿ ಐದು ಜನ ಹೊರಟು ಬಂದರು. ಅವರಲ್ಲಿ ಮೂವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಒಪ್ಪಂದ ಸಾಕು ಅಂದಿದ್ದು ನಾನೇ. ಅದನ್ನು ಬರೆಯುವಾಗ ಈ ರಾತ್ರಿ ನೆನಪಿಗೆ ಬರಲಿಲ್ಲ.

ಆದರೂ ಅಮ್ಮನ ಬಳೆಯ ಮಾತು ನಾನು ಬಿಡುವುದಿಲ್ಲ. ಇಲ್ಲದವರ ಮೇಲೆ ಈ ಭಾರ ಬೀಳಬಾರದು.

ಒಂದುರೂಪಾಯಿ
ಬಿಡಬೇಡಿ. ಅದೂ ನಿಜವೇ.

ಕೆರೆಕೋಡಿ
ನಾಲ್ಕು ದಿನ ಬರೆಯಲಿಲ್ಲ, ಕ್ಷಮಿಸಿ. ಊರಿಗೆ ಹೋಗಿದ್ದೆ. ಅಮ್ಮನ ಜೊತೆ ಕೂತು ಪುಸ್ತಕ ಮೊದಲಿನಿಂದ ಓದಿದೆ. ನಾಟಿಗದ್ದೆಯವರು ಹೇಳಿದ್ದು ಸತ್ಯ. ನಾನು ಹೆಸರು ಓದಿದರೆ ಸಾಕು, ಅಮ್ಮ ಆ ಮನೆಯ ಕಥೆ ಹೇಳುತ್ತಿದ್ದರು. ಗೆರೆ ಇಲ್ಲದ ನಲವತ್ತು ಚಿಲ್ಲರೆ ಹೆಸರಿನಲ್ಲಿ ಹನ್ನೆರಡನ್ನು ಅಮ್ಮ ಯಾವಾಗಲೋ ತೀರಿಸಿದ್ದಾರೆ, ಅಪ್ಪನಿಗೆ ಹೇಳಿರಲಿಲ್ಲ, ಅಷ್ಟೇ. ಉಳಿದ ಮನೆಗಳಿಗೆ ಅವರವರ ಕಾರ್ಯ ಬಂದಾಗ ಹೋಗುತ್ತೇವೆ. ತಮ್ಮನೂ ಒಪ್ಪಿದ.

ಕೇರಿಯವನು ಅವರೇ, ನೀವು ಹೇಳಿದ ಹಾಗೆ ಇಲ್ಲದ ಹೆಸರನ್ನೂ ಹುಡುಕಿದೆ. ಕೇರಿಯ ಒಂದು ಹೆಸರೂ ಇಲ್ಲ. ನಲವತ್ತು ವರ್ಷದ ಪುಸ್ತಕದಲ್ಲಿ ಒಂದೂ ಇಲ್ಲ. ಅಪ್ಪನ ಮಣ್ಣಿಗೆ ಗುಂಡಿ ತೋಡಿದವರು, ಇಡೀ ರಾತ್ರಿ ತಮಟೆ ಬಾರಿಸಿದವರು ಕೇರಿಯ ಇಬ್ಬರು ಅಣ್ಣತಮ್ಮಂದಿರು. ನಾನು ಕೈಗೆ ದುಡ್ಡು ಕೊಟ್ಟು ಕಳಿಸಿದ್ದೆ. ಎಷ್ಟು ಕೊಟ್ಟೆ ಅನ್ನುವುದೂ ನೆನಪಿಲ್ಲ. ಅಪ್ಪನನ್ನು ನಾನು ತುಂಬಾ ಪ್ರೀತಿಸುತ್ತೇನೆ. ಇದನ್ನು ಬರೆಯುವುದು ಕಷ್ಟವಾಯಿತು. ಅವರಲ್ಲಿ ದೊಡ್ಡವರ ಮಗಳ ಮದುವೆ ಮುಂದಿನ ತಿಂಗಳು. ಅಮ್ಮ ಮತ್ತು ನಾನು ಹೋಗಬೇಕು ಅಂದುಕೊಂಡಿದ್ದೇವೆ. 501 ಸಾಕಾ, 1001 ಓದಿಸಲಾ?

ಕೇರಿಯವನು
501 ಸಾಕು. ಜಾಸ್ತಿ ಕೊಟ್ಟರೆ ಅವರಿಗೆ ಮರಳಿಸಲು ಕಷ್ಟ ಆಗುತ್ತದೆ. ಅವರ ಹೆಸರು ಪುಸ್ತಕದಲ್ಲಿ ಬರೆಯಿರಿ. ಓದಿಸಿದ ಕೂಡಲೇ ಎದ್ದು ಬರಬೇಡಿ, ಅಮ್ಮನ ಜೊತೆ ಪಂಕ್ತಿಯಲ್ಲಿ ಕೂತು ಊಟ ಮಾಡಿ ಬನ್ನಿ.